ಕವಲೊಡೆದ ಜಾಗ: ದೂರದ ಬಂಧುಗಳ ಬದುಕನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ವಂಶಾವಳಿ ಬರೆಯಲು ಕೂತವರು ಸಾಮಾನ್ಯವಾಗಿ ನೇರವಾಗಿ ಮೇಲಕ್ಕೆ ಹತ್ತುತ್ತಾರೆ. ತಂದೆ, ಅಜ್ಜ, ಮುತ್ತಜ್ಜ ಎಂದು ಹೋಗಿ, ಹೆಸರು ಎಲ್ಲಿ ನಿಲ್ಲುತ್ತದೋ ಅಲ್ಲಿ ಕೆಲಸವನ್ನೂ ನಿಲ್ಲಿಸುತ್ತಾರೆ. ಆದರೆ ದೂರದ ಬಂಧುಗಳು ಆ ನೇರ ಸಾಲಿನಲ್ಲಿ ಸಿಗುವುದಿಲ್ಲ. ಮುತ್ತಜ್ಜನ ತಮ್ಮ, ದತ್ತು ಹೋದ ಮಗ, ಬೇರೆ ಸೀಮೆಗೆ ಮದುವೆಯಾಗಿ ಹೋದ ಮಗಳು, ಬರಗಾಲದಲ್ಲಿ ಊರು ಬಿಟ್ಟ ದಾಯಾದಿ, ಹೀಗೆ ಪಕ್ಕಕ್ಕೆ ಒಡೆದ ಕವಲುಗಳಲ್ಲಿ ಅವರಿದ್ದಾರೆ. ಅವರನ್ನು ಹುಡುಕಬೇಕಾದರೆ ಮೊದಲು ಕವಲು ಒಡೆದ ಜಾಗ ಮತ್ತು ಕಾಲ ಗೊತ್ತಾಗಬೇಕು, ಆಮೇಲೆ ಅಲ್ಲಿಂದ ಇನ್ನೊಂದು ದಾರಿ ಹಿಡಿದು ಇಂದಿನವರೆಗೆ ಇಳಿದು ಬರಬೇಕು. ಏರುವುದಕ್ಕಿಂತ ಇಳಿಯುವುದು ಕಷ್ಟ: ಏರುವಾಗ ಪ್ರತಿಯೊಬ್ಬರಿಗೂ ತಂದೆತಾಯಿ ಇಬ್ಬರೇ, ಇಳಿಯುವಾಗ ಎಷ್ಟು ಮಕ್ಕಳು, ಯಾವ ಊರುಗಳು ಎಂಬುದು ಯಾವುದೂ ಮೊದಲೇ ತಿಳಿದಿರುವುದಿಲ್ಲ.

ಈ ವಿಷಯದ ಮೇಲೆ ಹೊರದೇಶಗಳಲ್ಲಿ ಬಂದಿರುವ ಕೈಪಿಡಿಗಳು ಮೊದಲು ಜನಗಣತಿ ನೋಡಿ ಎನ್ನುತ್ತವೆ. ಬ್ರಿಟನ್ನಿನಲ್ಲಿ ಮನೆಮನೆಯ ಗಣತಿ ಹಾಳೆಗಳು 100 ವರ್ಷಗಳ ನಂತರ, ಅಮೆರಿಕದಲ್ಲಿ 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. ಭಾರತದಲ್ಲಿ ಆ ದಾರಿಯಿಲ್ಲ. 1948ರ ಜನಗಣತಿ ಕಾಯ್ದೆ ವ್ಯಕ್ತಿಗಳ ವಿವರಗಳನ್ನು ಗೋಪ್ಯವಾಗಿಡುತ್ತದೆ, ನಮಗೆ ಸಿಗುವುದು ಒಟ್ಟು ಅಂಕಿಗಳು ಮಾತ್ರ. ಕರ್ನಾಟಕದಲ್ಲಿ ಜನರ ಹೆಸರುಗಳು ಬರಹಕ್ಕೆ ಬಂದದ್ದು ಮುಖ್ಯವಾಗಿ ಬೇರೆ ಕಾರಣಗಳಿಗೆ: ಕಂದಾಯ ಕಟ್ಟುವವರು ಯಾರು, ಆಸ್ತಿಯಲ್ಲಿ ಪಾಲು ಯಾರಿಗೆ, ಪಿಂಡ ಇಡುವವರು ಯಾರು, ಮುಯ್ಯಿ ತೀರಿಸಬೇಕಾದದ್ದು ಯಾರಿಗೆ. ಆದ್ದರಿಂದ ಪ್ರತಿ ದಾಖಲೆಯ ಮುಂದೆಯೂ ಅದನ್ನು ಯಾವ ಉದ್ದೇಶಕ್ಕೆ ಬರೆದರು, ಆ ಉದ್ದೇಶಕ್ಕೆ ಬೇಡವಾದವರು ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ. ಬೇಡವಾದವರ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಮತ್ತು ಭೂಮಿಯಿಲ್ಲದವರು ಬಹುಪಾಲು ಇದ್ದೇ ಇರುತ್ತಾರೆ.

ಕಚೇರಿಗೆ ಹೋಗುವ ಮೊದಲು ಮನೆಯ ಹಿರಿಯರ ಬಳಿ ಕೂರಬೇಕು ಎಂಬುದು ಎಲ್ಲರಿಗೂ ಗೊತ್ತಿದೆ. ಏನು ಕೇಳಬೇಕೆಂಬುದು ಅಷ್ಟು ಗೊತ್ತಿಲ್ಲ. "ನಮ್ಮ ಸಂಬಂಧಿಕರು ಯಾರ್‍ಯಾರು?" ಎಂದರೆ ಹತ್ತಿರದವರ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಸೂತಕ ಹಿಡಿಯುವ ಮನೆಗಳಲ್ಲಿ "ಯಾರು ತೀರಿಕೊಂಡರೆ ನಮಗೆ ಹತ್ತು ದಿನ, ಯಾರಿಗೆ ಮೂರು ದಿನ?" ಎಂದು ಕೇಳಿ ನೋಡಬಹುದು. ವೈದಿಕ ಲೆಕ್ಕದಲ್ಲಿ ಏಳು ತಲೆಮಾರಿನೊಳಗಿನ ದಾಯಾದಿಗಳಿಗೆ ಹತ್ತು ದಿನ, ಅದನ್ನು ಮೀರಿದವರಿಗೆ ಮೂರು ದಿನ ಎಂಬ ವಿಭಾಗವಿರುವುದರಿಂದ, "ಅವರು ಮೂರು ದಿನದವರು" ಎಂಬ ಒಂದು ಮಾತು ಆ ಎರಡು ಮನೆಗಳು ಎಷ್ಟು ಹಿಂದೆ ಬೇರೆಯಾದವೆಂಬುದರ ಸ್ಥೂಲ ಅಂದಾಜನ್ನೇ ಕೊಡುತ್ತದೆ. ನಡುವಿನ ಹೆಸರುಗಳು ಮರೆತುಹೋಗಿದ್ದರೂ ದಿನದ ಲೆಕ್ಕ ಮರೆತಿರುವುದಿಲ್ಲ. ಪಂಚಸೂತಕಗಳನ್ನು ಒಪ್ಪದ ಲಿಂಗಾಯತ ಮನೆಗಳಲ್ಲಿ ಈ ಪ್ರಶ್ನೆ ನಡೆಯದು. ಅಲ್ಲಿ ಮದುವೆ ಸಂಬಂಧ ಬೆಳೆಸಬಾರದ ಮನೆಗಳು ಯಾವುವು, ಬೆಡಗು (ಕುಲದೊಳಗಿನ ಒಳಪಂಗಡ) ಯಾವುದು, ಮನೆದೇವರು ಯಾವುದು ಎಂದು ಕೇಳಬೇಕು. ತುಳುನಾಡಿನಲ್ಲಿ ಬಳಿ, ಕೊಡಗಿನಲ್ಲಿ ಒಕ್ಕ ಇದೇ ಕೆಲಸವನ್ನು ಮಾಡುತ್ತವೆ. ಒಂದೇ ಬಳಿ ಅಥವಾ ಒಂದೇ ಗೋತ್ರ ಎಂದಾಕ್ಷಣ ರಕ್ತಸಂಬಂಧ ಸಾಬೀತಾಯಿತೆಂದು ತಿಳಿಯುವಂತಿಲ್ಲ. ಹುಡುಕಾಟದ ವಲಯ ಕಿರಿದಾಯಿತು ಎಂದಷ್ಟೇ ಅರ್ಥ.

ಸಂಬಂಧವಾಚಕಗಳ ಬಗ್ಗೆ ಎಚ್ಚರ ಬೇಕು. ಅಪ್ಪನ ತಮ್ಮನೂ ಚಿಕ್ಕಪ್ಪ, ಚಿಕ್ಕಮ್ಮನ ಗಂಡನೂ ಚಿಕ್ಕಪ್ಪ. ಅಪ್ಪನ ಅಕ್ಕತಂಗಿಯರೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ. ಹಿರಿಯರು "ನಮ್ಮ ಚಿಕ್ಕಪ್ಪನ ಮನೆಯವರು" ಎಂದರೆ ಯಾರ ಮಗ, ಯಾರ ಒಡಹುಟ್ಟು ಎಂದು ಬಿಡಿಸಿ ಕೇಳಿ ಬರೆದುಕೊಳ್ಳದಿದ್ದರೆ ಇಡೀ ಕವಲು ತಪ್ಪು ಜಾಗಕ್ಕೆ ಹೋಗಿ ಕೂರುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತದೆ, ಮೂವರು ಅಣ್ಣತಮ್ಮಂದಿರ ಮನೆಗಳಲ್ಲಿ ಒಂದೇ ಕಾಲಕ್ಕೆ ಮೂವರು ತಿಮ್ಮಪ್ಪಂದಿರು ಇರುವುದೂ ಉಂಟು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ನೆರವಾಗುತ್ತದೆ, ಆದರೆ ಕಸುಬಿನಿಂದ ಬಂದ ಪತ್ತಾರ, ಬಡಿಗೇರ, ಹೂಗಾರದಂತಹ ಅಡ್ಡಹೆಸರುಗಳು ನೂರಾರು ಊರುಗಳಲ್ಲಿ ಬೇರೆಬೇರೆ ಮನೆತನಗಳಿಗಿವೆ. ಊರು ಬಿಟ್ಟು ಊರಿಗೆ ಹೋದ ಕವಲು ಹಳೆಯ ಊರಿನ ಹೆಸರನ್ನೇ ಅಡ್ಡಹೆಸರಾಗಿ ಪಡೆಯುವುದೂ ಇದೆ, ಹೀಗಾಗಿ ಒಂದೇ ಮೂಲದ ಎರಡು ಮನೆಗಳಿಗೆ ಎರಡು ಅಡ್ಡಹೆಸರುಗಳಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಮನೆಯಲ್ಲೇ ಇರುವ ಕಾಗದಗಳಲ್ಲಿ ಮೂರಕ್ಕೆ ನನ್ನ ಪ್ರಕಾರ ಸಲ್ಲಬೇಕಾದ ಗೌರವ ಸಲ್ಲುತ್ತಿಲ್ಲ. ಒಂದು, ಪಕ್ಷಮಾಸದಲ್ಲಿ ಪುರೋಹಿತರ ಮುಂದಿಡುವ ಸರ್ವಪಿತೃಗಳ ಪಟ್ಟಿ. ವಾರ್ಷಿಕ ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಸರುಗಳು ಸಾಕಾದರೆ, ಮಹಾಲಯದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ಅಕ್ಕತಂಗಿ, ಅಳಿಯ, ಮಾವ, ಗುರು, ಗೆಳೆಯರವರೆಗೆ ಎಲ್ಲರಿಗೂ ಹೆಸರು ಮತ್ತು ಗೋತ್ರ ಹಿಡಿದು ಪಿಂಡವುಂಟು. ಆಸ್ತಿಗೆ ಬೇಡವಾದ, ಮಕ್ಕಳಿಲ್ಲದೆ ತೀರಿಹೋದ ಸೋದರತ್ತೆಯ ಹೆಸರು ಉಳಿದಿರುವ ಏಕೈಕ ಜಾಗ ಬಹಳ ಸಲ ಈ ಪಟ್ಟಿಯೇ ಆಗಿರುತ್ತದೆ, ಅವಳ ಗೋತ್ರದಿಂದ ಅವಳನ್ನು ಎಂತಹ ಮನೆಗೆ ಕೊಟ್ಟರೆಂಬ ಸುಳಿವೂ ಸಿಗುತ್ತದೆ. ಎರಡು, ಹಳೆಯ ಲಗ್ನಪತ್ರಿಕೆಗಳು. ಕೆಳಗಿನ ಸುಖಾಗಮನ ಬಯಸುವವರ ಸಾಲಿನಲ್ಲಿ ಬಂಧುಗಳ ಹೆಸರು, ಕೆಲವೊಮ್ಮೆ ಊರು ಮತ್ತು ಉದ್ಯೋಗ ಇರುತ್ತದೆ. ಮೂರು, ಮುಯ್ಯಿ ಬರೆದ ಪುಸ್ತಕ. ಯಾವ ಊರಿನ ಯಾರು ಎಷ್ಟು ಹಾಕಿದರೆಂದು ಮದುವೆಯ ದಿನ ಜಗಲಿಯಲ್ಲಿ ಕೂತು ಬರೆದ ಈ ಲೆಕ್ಕ, ಆ ದಿನಕ್ಕೆ ಯಾವ ಯಾವ ಮನೆಗಳ ನಡುವೆ ಹೋಗಿಬರುವ ನಂಟು ಉಳಿದಿತ್ತು ಎಂಬುದರ ನಿಖರ ಚಿತ್ರ.

ಹಳೆಯ ಕಾಗದಗಳಲ್ಲಿ ಇಸವಿಯ ಬದಲು ಸಂವತ್ಸರದ ಹೆಸರಿರುವುದು ಸಾಮಾನ್ಯ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಧಾತು ಎಂದರೆ 1876–77 ಆಗಬಹುದು, 1936–37 ಆಗಬಹುದು, 1996–97 ಕೂಡ ಆಗಬಹುದು. ಯಾವುದೆಂದು ನಿರ್ಧರಿಸಲು ಕಾಗದದ ಬಗೆ, ಛಾಪಾ ಕಾಗದದ ಬೆಲೆ, ಅದರಲ್ಲಿರುವ ಇತರರ ವಯಸ್ಸು ಮುಂತಾದ ಬೇರೆ ಆಧಾರ ಬೇಕು. ಬಾಯಿಮಾತಿನ ಕಾಲಗಣನೆಯೂ ಹೀಗೆಯೇ. "ಧಾತು ಈಶ್ವರದ ಬರದಲ್ಲಿ ಬಂದವರು" ಎಂದರೆ 1876–78ರ ಭೀಕರ ಕ್ಷಾಮ. "ಪ್ಲೇಗಿನಲ್ಲಿ ಮನೆ ಖಾಲಿಯಾಯಿತು" ಎಂದರೆ ಬೆಂಗಳೂರಿನ ಮಟ್ಟಿಗೆ 1898ರಿಂದ ಮುಂದಕ್ಕೆ. 1918ರ ಇನ್‌ಫ್ಲುಯೆಂಜಾದ ನೆನಪು ಪ್ಲೇಗಿನ ನೆನಪಿನೊಡನೆ ಬೆರೆತುಹೋಗಿರುವುದೂ ಉಂಟು.

ಕವಲು ಒಡೆದ ಜಾಗವನ್ನು ಬರಹದಲ್ಲಿ ತೋರಿಸುವ ಅತ್ಯಂತ ಬಲವಾದ ಸಾಕ್ಷಿ ಜಮೀನಿನದು. ಇಂದಿನ ಪಹಣಿಯಿಂದ ಹೊರಟು ಹಿಂದಕ್ಕೆ ಹೋಗಬೇಕು. ಭೂಮಿ ಯೋಜನೆಯಲ್ಲಿ 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಭೂದಾಖಲೆಗಳು ಗಣಕಕ್ಕೆ ಬಂದವು. ಅದಕ್ಕೂ ಹಿಂದಿನ ಕೈಬರಹದ ಪಹಣಿಗಳು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿವೆ. ಪಹಣಿಯಲ್ಲಿ ಹಕ್ಕು ಬದಲಾದ ಕಡೆ ಎಂ.ಆರ್. ಸಂಖ್ಯೆ ಇರುತ್ತದೆ, ಆ ಸಂಖ್ಯೆ ಹಿಡಿದು ಹಕ್ಕು ಬದಲಾವಣೆಯ ವಹಿ ತೆರೆದರೆ ಕಾರಣ ಗೊತ್ತಾಗುತ್ತದೆ: ಕ್ರಯ, ದಾನ, ವಿಭಾಗ ಅಥವಾ ಪೌತಿ. ವಂಶ ಹುಡುಕುವವರಿಗೆ ಕೊನೆಯ ಎರಡು ಮುಖ್ಯ. ಖಾತೆದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಪೌತಿ ಖಾತೆಯ ಕಡತದಲ್ಲಿ ಮರಣದ ವಿವರವೂ ವಂಶವೃಕ್ಷವೂ ಇರುತ್ತವೆ, ವಿಭಾಗದ ಕಡತದಲ್ಲಿ ಪಾಲುದಾರರೆಲ್ಲರ ಹೆಸರುಗಳಿರುತ್ತವೆ. ಸರ್ವೆ ನಂಬರಿನ ಹಿಸ್ಸಾಗಳೂ ಕಥೆ ಹೇಳುತ್ತವೆ. 45ನೆಯ ಸರ್ವೆ ನಂಬರು ಪೋಡಿಯಾಗಿ, ಎಂದರೆ ಅಳತೆ ಮಾಡಿ ಭಾಗವಾಗಿ, 45/1, 45/2, 45/3 ಆಗಿದ್ದು, ಮೂರನೆಯ ಹಿಸ್ಸೆ ಇಂದು ಯಾರೋ ಅಪರಿಚಿತರ ಹೆಸರಿನಲ್ಲಿದ್ದರೆ, ಆ ಹಿಸ್ಸೆಯ ಹಳೆಯ ಖಾತೆದಾರ ಊರು ಬಿಟ್ಟುಹೋದ ತಮ್ಮನಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಮಾರಿದ ಕ್ರಯಪತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿದ್ದರೆ ಅದರಲ್ಲಿ ಮಾರಿದವನ ಆಗಿನ ವಾಸಸ್ಥಳ ದಾಖಲಾಗಿರುತ್ತದೆ. ಆತ ಹೋದ ಊರಿನ ಹೆಸರು ನಮ್ಮ ಕೈಗೆ ಸಿಗುವುದು ಅನೇಕ ವೇಳೆ ಹೀಗೆ, ಆತ ಊರಿನ ಕೊನೆಯ ತುಂಡನ್ನು ಮಾರಿದ ದಿನ. ನೋಂದಣಿ ಕಚೇರಿಯಲ್ಲಿ ಆಸ್ತಿಯ ಸೂಚಿಯ ಜೊತೆಗೆ ವ್ಯಕ್ತಿಗಳ ಹೆಸರಿನ ಸೂಚಿಯೂ ಇರುತ್ತದೆಂಬುದು ಹಲವರಿಗೆ ತಿಳಿದಿಲ್ಲ. ದತ್ತಕ ಪತ್ರಗಳೂ ಅಲ್ಲಿರುತ್ತವೆ. ಒಂದು ಮನೆಯ ಮಗ ಇದ್ದಕ್ಕಿದ್ದಂತೆ ದಾಖಲೆಗಳಿಂದ ಮಾಯವಾಗಿ, ಅದೇ ಹೆಸರಿನವನೊಬ್ಬ ಪಕ್ಕದ ತಾಲ್ಲೂಕಿನ ದಾಯಾದಿ ಮನೆಯಲ್ಲಿ ಬೇರೊಬ್ಬ ತಂದೆಯ ಹೆಸರಿನೊಡನೆ ಕಾಣಿಸಿಕೊಂಡರೆ ದತ್ತು ಹೋಗಿರುವುದನ್ನು ಶಂಕಿಸಬೇಕು.

ಎಲ್ಲ ಪಾಲುಗಳೂ ನೋಂದಣಿಯಾದವಲ್ಲ. ಬಾಯಿಮಾತಿನಲ್ಲಿ ಆದ ಪಾಲನ್ನು ಪಂಚರ ಮುಂದೆ ಬರೆದಿಟ್ಟ ಪಾಲುಪಾರೀಕತ್ತು, ಉತ್ತರದಲ್ಲಿ ವಾಟ್ನಿ ಪತ್ರ, ಯಾವುದೋ ಒಂದು ಕವಲಿನ ಹಿರಿಯ ಮಗನ ಟ್ರಂಕಿನಲ್ಲಿರುತ್ತದೆ. ಇನ್ನೊಂದು ತೊಡಕು, ಇಂದಿನ ಕರ್ನಾಟಕ 1956ಕ್ಕೆ ಮೊದಲು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿತ್ತೆಂಬುದು. ಹಳೆ ಮೈಸೂರಿನ ಲೆಕ್ಕಪತ್ರಗಳು ಕನ್ನಡದಲ್ಲಿದ್ದರೆ, ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯ ಹಳೆಯ ಕಡತಗಳಲ್ಲಿ ಮೋಡಿ ಲಿಪಿಯ ಮರಾಠಿ ಸಿಗುತ್ತದೆ, ಕಲಬುರಗಿ, ಬೀದರ್, ರಾಯಚೂರಿನಲ್ಲಿ ನಿಜಾಮರ ಕಾಲದ ಉರ್ದು, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅಡಂಗಲ್, ವರ್ಗ, ಮೂಲಗೇಣಿ ಎಂಬ ಬೇರೆಯೇ ಪರಿಭಾಷೆ, ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಹಿಡುವಳಿ. ಮೋಡಿ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ, ಹಾಗಾಗಿ ಅಂತಹ ಕಾಗದ ಕೈಗೆ ಸಿಕ್ಕಿದರೆ ಅರ್ಥವಾಗದಿದ್ದರೂ ಸ್ಪಷ್ಟವಾದ ಚಿತ್ರ ತೆಗೆದಿಟ್ಟುಕೊಳ್ಳುವುದು ಮೊದಲ ಕೆಲಸ.

ಭೂಮಿಯ ದಾಖಲೆಯಲ್ಲಿ ಭೂಮಿಯಿದ್ದವರೇ ಇರುತ್ತಾರೆ ಎಂಬ ಮಾತಿಗೆ ಒಂದು ದೊಡ್ಡ ಅಪವಾದವಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ಫಾರಂ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕಾಯಿತು, ಗಡುವನ್ನು ವಿಸ್ತರಿಸಿ 1979ರ ಜೂನ್ 30ರವರೆಗೆ ಅವಕಾಶ ಕೊಡಲಾಯಿತು. ಯಾವ ಜಮೀನು, ಯಾರ ಜಮೀನು, ಎಷ್ಟು ಕಾಲದಿಂದ ಗೇಣಿ, ಅಪ್ಪ ಮಾಡುತ್ತಿದ್ದನೋ ಅಜ್ಜ ಮಾಡುತ್ತಿದ್ದನೋ ಎಂಬ ಹೇಳಿಕೆಗಳು ಈ ಕಡತಗಳಲ್ಲಿವೆ. ಅಲ್ಲಿಯವರೆಗೆ ಯಾವ ಸರ್ಕಾರಿ ಕಾಗದದಲ್ಲೂ ಹೆಸರಿಲ್ಲದಿದ್ದ ಕುಟುಂಬಗಳ ಪಾಲಿಗೆ ಮೊದಲ ಲಿಖಿತ ವಂಶಾವಳಿ ಇದೇ ಆಗಿರಬಹುದು, ಅದರಲ್ಲಿಯೂ ಕರಾವಳಿ ಮತ್ತು ಮಲೆನಾಡಿನಲ್ಲಿ.

ಹೆಣ್ಣುಮಕ್ಕಳ ಕವಲನ್ನು ಹಿಡಿಯುವುದು ಇನ್ನೂ ಕಷ್ಟ. ಮದುವೆಯಲ್ಲಿ ಹೆಸರನ್ನೇ ಬದಲಾಯಿಸುವ ಪದ್ಧತಿ ಕೆಲವು ಸಮುದಾಯಗಳಲ್ಲಿತ್ತು, ಹೀಗಾಗಿ ತವರಿನ ದಾಖಲೆಯ ಹುಡುಗಿಯನ್ನೂ ಗಂಡನ ಮನೆಯ ದಾಖಲೆಯ ಹೆಂಗಸನ್ನೂ ಜೋಡಿಸಲು ಮೂರನೆಯ ಸಾಕ್ಷಿ ಬೇಕು. ಕಂದಾಯ ಇಲಾಖೆಗೆ ಕೊಟ್ಟ ಹಳೆಯ ವಂಶವೃಕ್ಷಗಳಲ್ಲಿ ಮಗಳನ್ನು ಬಿಟ್ಟೇಬಿಡುತ್ತಿದ್ದರು. 1994ರ ಕರ್ನಾಟಕದ ತಿದ್ದುಪಡಿಯೂ ಆಮೇಲೆ 2005ರ ಕೇಂದ್ರ ತಿದ್ದುಪಡಿಯೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೆ ಚಿತ್ರ ಬದಲಾಯಿತು. ನಂತರದ ವಂಶವೃಕ್ಷಗಳಲ್ಲಿ, ಮುಖ್ಯವಾಗಿ ಪಾಲಿನ ದಾವೆಗಳಲ್ಲಿ, ಮಗಳು, ಅವಳ ಗಂಡ, ಅವಳ ಮಕ್ಕಳು ಊರಿನೊಡನೆ ಕಾಣಿಸುತ್ತಾರೆ. ಕಾನೂನು ಬದಲಾದೊಡನೆ ನೆನಪೂ ಬದಲಾಗುವುದು ಸ್ವಲ್ಪ ವಿಷಾದದ ಸಂಗತಿಯೇ, ಆದರೂ ಹುಡುಕುವವರಿಗೆ ಉಪಕಾರವಾಗಿದೆ. ತಾಯಿಯ ಸಾಲಿನಲ್ಲಿ ವಂಶ ಎಣಿಸುವ ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಮಾತ್ರ ಈ ಕೊರತೆ ತಿರುಗುಮುರುಗು. ಅಲ್ಲಿ ವಂಶದ ಬೇರು ಹೆಣ್ಣು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದೊಳಗಿನ ತಾಯಿಸಾಲಿನ ಕವಲುಗಳಿಗೆ) ಪಾಲಿನ ಹಕ್ಕು ಕೊಟ್ಟ ಮೇಲಿನ ವಿಭಾಗ ಪತ್ರಗಳು ಮೂಲದ ಅಜ್ಜಿಯಿಂದ ಹಿಡಿದು ಹೆಣ್ಣಿನ ಸಾಲಿನ ಸದಸ್ಯರನ್ನೆಲ್ಲ ಎಣಿಸುತ್ತವೆ, ಕಾಣೆಯಾಗುವುದು ಗಂಡಸರ ಮಕ್ಕಳು.

ಇಷ್ಟು ಕಾಗದಕ್ಕೂ ಮೊದಲಿನದು ಹೆಳವರ ನೆನಪು. ಸಿಂಗರಿಸಿದ ಎತ್ತಿನೊಡನೆ ಸುಗ್ಗಿಯ ನಂತರ ತಮ್ಮ ಪಾಲಿನ ಒಕ್ಕಲು ಮನೆಗಳಿಗೆ ಬಂದು, ಆ ಮನೆತನದ ಮೂಲ, ತಲೆಮಾರುಗಳು, ವಲಸೆ ಬಂದ ದಾರಿಯನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸ ಅಥವಾ ಹಣ ಪಡೆದು ಮುಂದೆ ಹೋಗುವ ಈ ಸಮುದಾಯ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಹೆಳವರಲ್ಲಿ ಯಾವ ಮನೆಗೆ ಯಾರು ಎಂಬುದು ಹಂಚಿಕೆಯಾಗಿರುತ್ತದೆ. ಇದರ ಪರಿಣಾಮವಾಗಿ ಒಬ್ಬ ಹೆಳವ ನಿಮ್ಮ ಮನೆಗೂ ನಲವತ್ತು ಮೈಲಿ ದೂರದ, ನಿಮಗೆ ಗೊತ್ತೇ ಇರದ ಇನ್ನೊಂದು ಮನೆಗೂ ಒಂದೇ ಮೂಲಪುರುಷನ ಹೆಸರು ಹೇಳುತ್ತಿದ್ದರೆ, ದೂರದ ಬಂಧು ಸಿಕ್ಕಂತೆಯೇ. ಅವರು ಹೇಳುವುದರಲ್ಲಿ ಕೆಳಗಿನ ನಾಲ್ಕೈದು ತಲೆಮಾರುಗಳಿಗೆ ಇರುವ ಬೆಲೆಯನ್ನು ಮೇಲಿನ ಮೂಲಪುರುಷನ ಕಥೆಗೆ ಕೊಡಲಾಗದು. ಹೊಗಳಿಕೆ ಅವರ ವೃತ್ತಿಯ ಭಾಗ. ತೀರ್ಥಕ್ಷೇತ್ರಗಳ ಪುರೋಹಿತರ ವಹಿಗಳು ಇದಕ್ಕೆ ಹತ್ತಿರದವು. ಹರಿದ್ವಾರದ ಪಂಡಾಗಳ ವಹಿಗಳು ಹೆಸರುವಾಸಿ, ಅವುಗಳಲ್ಲಿ ಹಲವನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆ ಮೈಕ್ರೋಫಿಲ್ಮ್ ಮಾಡಿಸಿದೆ. ಕನ್ನಡಿಗರ ಹೆಸರುಗಳಿಗಾಗಿ ಗಯಾ, ನಾಸಿಕ, ತ್ರ್ಯಂಬಕೇಶ್ವರಗಳ ಪುರೋಹಿತ ಮನೆತನಗಳ ಬಳಿ ವಿಚಾರಿಸುವುದು ಹೆಚ್ಚು ಫಲಕಾರಿ. ಯಾತ್ರೆ ಬಂದವರು ತಮ್ಮ ಜೊತೆಗಿದ್ದವರ ಹೆಸರುಗಳನ್ನೂ ಬರೆಸುತ್ತಿದ್ದರಾದ್ದರಿಂದ ಅಣ್ಣತಮ್ಮಂದಿರು, ಅವರ ಮಕ್ಕಳು ಒಂದೇ ಪುಟದಲ್ಲಿ ಸಿಗುತ್ತಾರೆ.

ಕ್ರೈಸ್ತ ಕುಟುಂಬಗಳಿಗೆ ಇಗರ್ಜಿಯ ಜ್ಞಾನಸ್ನಾನ ಮತ್ತು ಮದುವೆ ಪುಸ್ತಕಗಳಿವೆ. ಮಂಗಳೂರು ಸೀಮೆಯ ಕ್ಯಾಥೊಲಿಕರಲ್ಲಿ 1784ರಲ್ಲಿ ಟಿಪ್ಪು ಸುಲ್ತಾನ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಕಾಲಕ್ಕೆ ದೊಡ್ಡ ಕಡಿತ ಬೀಳುತ್ತದೆ. ಪ್ರೊಟೆಸ್ಟೆಂಟರಿಗೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಅಭಿಲೇಖಾಗಾರದಲ್ಲಿವೆ. ಮುಸ್ಲಿಮರಿಗೆ ಜಮಾತಿನ ನಿಕಾಹ್ ವಹಿಗಳು.

ಇನ್ನು ಇಳಿಯುವ ದಾರಿ. ಕವಲು ಒಡೆದದ್ದು ಗೊತ್ತಾದ ಮೇಲೆ, ಹೋದವರು ಯಾಕೆ ಹೋದರೆಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ಕಾರಣಕ್ಕೆ ತಕ್ಕ ದಾಖಲೆ ಇರುತ್ತದೆ. ಅಣೆಕಟ್ಟಿನ ಮುಳುಗಡೆಯಿಂದ ಹೋದವರಾದರೆ ಭೂಸ್ವಾಧೀನದ ಐತೀರ್ಪಿನಲ್ಲಿ ಪರಿಹಾರ ಪಡೆದವರ ಹೆಸರುಗಳೂ ಪುನರ್ವಸತಿ ಪಟ್ಟಿಯಲ್ಲಿ ಹೊಸ ಊರೂ ಇರುತ್ತವೆ. ಶರಾವತಿ ಕಣಿವೆಯ, ಆಲಮಟ್ಟಿ ಹಿನ್ನೀರಿನ ಎಷ್ಟೋ ಮನೆತನಗಳನ್ನು ಹೀಗೆ ಹಿಂಬಾಲಿಸಬಹುದು. ಕರಾವಳಿಯಿಂದ ಮುಂಬಯಿಗೆ ಹೋದವರಾದರೆ ಅಲ್ಲಿನ ಸಮುದಾಯ ಸಂಘಗಳ ಸದಸ್ಯರ ಪಟ್ಟಿ ಮತ್ತು ಸ್ಮರಣ ಸಂಚಿಕೆಗಳು. ಹೋದ ಊರು ಗೊತ್ತಿದ್ದರೆ ಅಲ್ಲಿನ ಹಳೆಯ ಸರ್ಕಾರಿ ಪ್ರಾಥಮಿಕ ಶಾಲೆಯ ದಾಖಲಾತಿ ವಹಿ ಚಿನ್ನದಂಥದು: ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹಿಂದೆ ಓದಿದ ಶಾಲೆ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಮೇಷ್ಟ್ರು ಶಾಲೆಗೆ ಸೇರಲು ಬೇಕಾದಷ್ಟು ವಯಸ್ಸು ಕೂಡಿಸಿ ಬರೆದದ್ದೆಂದು ತಿಳಿದರೆ ಸಾಕು. ಜನನ ಮರಣ ನೋಂದಣಿ 1969ರ ಕಾಯ್ದೆಯ ನಂತರವಷ್ಟೇ ಕ್ರಮಬದ್ಧವಾಯಿತು, ಅದಕ್ಕೂ ಹಿಂದಿನ ವಹಿಗಳು ಊರಿಂದೂರಿಗೆ ಬೇರೆ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಪ್ರತಿ ತಂಡವೂ ಒಂದು ಒಕ್ಕ. ಹನ್ನೊಂದು ಜನರನ್ನು ಕೂಡಿಸುವ ನೆಪದಲ್ಲಿ ಪರಊರಿನ ಕವಲುಗಳನ್ನು ಹುಡುಕಿ ಕರೆಸುವ ಕೆಲಸ ಅಲ್ಲಿ ತಾನಾಗಿ ನಡೆದಿದೆ.

ಎರಡು ಕವಲುಗಳು ಎರಡು ಕಥೆ ಹೇಳಿದಾಗ ಯಾವುದನ್ನು ನಂಬಬೇಕು? ನ್ಯಾಯಾಲಯಗಳು ಬಹುಕಾಲದಿಂದ ಅನುಸರಿಸುವ ಸಾಕ್ಷ್ಯದ ನಿಯಮವೊಂದು ಇಲ್ಲಿ ಉಪಯುಕ್ತ. ಸಂಬಂಧ ಬಲ್ಲ, ಈಗ ಬದುಕಿಲ್ಲದ ವ್ಯಕ್ತಿ ಅದರ ಬಗ್ಗೆ ಹೇಳಿದ್ದು, ವ್ಯಾಜ್ಯ ಹುಟ್ಟುವ ಮೊದಲು ಹೇಳಿದ್ದಾದರೆ ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದು. ಇದನ್ನೇ ಮನೆಮಟ್ಟಕ್ಕೆ ತಂದರೆ, ದಾವೆಯ ವರ್ಷ ತಯಾರಾದ ವಂಶವೃಕ್ಷಕ್ಕಿಂತ ಮೂವತ್ತು ವರ್ಷ ಹಿಂದಿನ ಮುಯ್ಯಿ ಪುಸ್ತಕ ಹೆಚ್ಚು ನಂಬಿಕೆಗೆ ಅರ್ಹ. ನಾಡಕಚೇರಿಯಿಂದ ಪಡೆಯುವ ವಂಶವೃಕ್ಷ ಅರ್ಜಿದಾರರ ಘೋಷಣೆಯನ್ನೂ ಸ್ಥಳೀಯ ಮಹಜರನ್ನೂ ಆಧರಿಸಿದ್ದು. ಮೊಹರು ಇದ್ದ ಮಾತ್ರಕ್ಕೆ ಅದು ಇತಿಹಾಸವಾಗುವುದಿಲ್ಲ. ಇನ್ನು ನಾಲ್ಕೈದು ತಲೆಮಾರು ಸಿಕ್ಕ ಹುರುಪಿನಲ್ಲಿ ಊರ ಮುಂದಿನ ವೀರಗಲ್ಲಿನ ಹೆಸರಿಗೆ ತಮ್ಮ ಮುತ್ತಜ್ಜನನ್ನು ಗಂಟುಹಾಕುವವರಿದ್ದಾರೆ. ನಡುವೆ ಐನೂರು ವರ್ಷಗಳ ಖಾಲಿ ಇರುವಾಗ ಅದು ಸಂಶೋಧನೆಯಲ್ಲ.

ವಂಶವಾಹಿ ಪರೀಕ್ಷೆ ಈ ತಕರಾರುಗಳನ್ನು ಒಂದೇ ಏಟಿಗೆ ಬಗೆಹರಿಸುತ್ತದೆಂಬ ನಿರೀಕ್ಷೆ ಈಗ ಬೆಳೆಯುತ್ತಿದೆ. ಲೆಕ್ಕದ ಪ್ರಕಾರ ಒಂದೇ ಮುತ್ತಜ್ಜ-ಮುತ್ತಜ್ಜಿಯರ ಎರಡು ಕವಲಿನ ಮರಿಮಕ್ಕಳು ಸರಾಸರಿ ಶೇ 3ರಷ್ಟು ಡಿಎನ್‌ಎ ಹಂಚಿಕೊಂಡಿರುತ್ತಾರೆ, ಇನ್ನೊಂದು ತಲೆಮಾರು ಹಿಂದೆ ಬೇರೆಯಾದವರಲ್ಲಿ ಅದು ಶೇ 1ಕ್ಕೂ ಕಡಿಮೆ. ಆದರೆ ಈ ಲೆಕ್ಕ ಗಂಡಹೆಂಡಿರು ಪರಸ್ಪರ ಬಂಧುಗಳಲ್ಲ ಎಂದು ಭಾವಿಸಿಕೊಂಡು ಮಾಡಿದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು ಸಂಬಂಧದಲ್ಲೇ ಮದುವೆಯಾದವರು. ಸೋದರಮಾವನನ್ನು ಮದುವೆಯಾದವಳ ಮಗುವಿಗೆ ಒಬ್ಬನೇ ವ್ಯಕ್ತಿ ತಂದೆಯ ಕಡೆಯಿಂದ ಅಜ್ಜ, ತಾಯಿಯ ಕಡೆಯಿಂದ ಮುತ್ತಜ್ಜ. ಇಂತಹ ಮದುವೆಗಳು ತಲೆಮಾರುಗಳ ಕಾಲ ನಡೆದ ಮನೆತನದಲ್ಲಿ ಹಂಚಿಕೆಯ ಪ್ರಮಾಣ ಏರಿ, ನಿಜವಾಗಿ ದೂರದವರು ಪರೀಕ್ಷೆಯ ವರದಿಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಇಬ್ಬರು ಬಂಧುಗಳೇ ಎಂದು ಡಿಎನ್‌ಎ ಹೇಳಬಲ್ಲದು. ಹೇಗೆ ಬಂಧುಗಳು ಎಂಬುದಕ್ಕೆ ಮತ್ತೆ ಕಾಗದ ಮತ್ತು ಹಿರಿಯರ ಬಳಿಗೇ ಬರಬೇಕು. ಮರದ ನಕ್ಷೆಗಿಂತ ಬಲೆಯ ನಕ್ಷೆ ಇಂತಹ ಮನೆತನಗಳಿಗೆ ಹೊಂದುತ್ತದೆ, ಪ್ರತಿ ವ್ಯಕ್ತಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ಆ ವಿಷಯ ಯಾರು ಹೇಳಿದ್ದು, ಯಾವ ಕಾಗದದಲ್ಲಿದ್ದದ್ದು ಎಂದು ಪಕ್ಕದಲ್ಲೇ ಬರೆದಿಟ್ಟರೆ ಒಬ್ಬನೇ ಎರಡು ಕಡೆ ಬಂದರೂ ಗೊಂದಲವಿಲ್ಲ.

ಕೊನೆಗೆ ಒಂದು ದಿನ ಬದುಕಿರುವ ಬಂಧುವಿನ ವಿಳಾಸ ಸಿಗುತ್ತದೆ, ಆಗ ಎಚ್ಚರ ಹೆಚ್ಚು ಬೇಕು. ಅಪರಿಚಿತರೊಬ್ಬರು ಸರ್ವೆ ನಂಬರು, ಪೌತಿ ಖಾತೆ, ಮುತ್ತಜ್ಜನ ಹೆಸರು ಹಿಡಿದು ಬಾಗಿಲಿಗೆ ಬಂದರೆ, ಪಾಲು ಕೇಳಲು ಬಂದರೆಂದೇ ಯಾರಾದರೂ ಭಾವಿಸುತ್ತಾರೆ, ಹಾಗೆ ಭಾವಿಸುವುದರಲ್ಲಿ ತಪ್ಪೂ ಇಲ್ಲ. ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರ ಮೂಲಕ ಹೇಳಿಕಳುಹಿಸುವುದು, ಮೊದಲ ಭೇಟಿಗೆ ಮನೆದೇವರ ಜಾತ್ರೆಯನ್ನೋ ಮದುವೆಯನ್ನೋ ಆರಿಸಿಕೊಳ್ಳುವುದು, ಜಮೀನಿನ ಕಾಗದಗಳನ್ನು ಮನೆಯಲ್ಲೇ ಬಿಟ್ಟು ಹಳೆಯ ಭಾವಚಿತ್ರಗಳನ್ನು ಒಯ್ಯುವುದು ಮೇಲು. ದತ್ತು, ಎರಡನೆಯ ಸಂಸಾರ, ಜಾತಿ ಬಿಟ್ಟ ಮದುವೆಗಳಂತಹ, ನಮಗೆ ಕಡತದಿಂದ ಗೊತ್ತಾಗಿ ಅವರಿಗೆ ಗೊತ್ತಿಲ್ಲದ ಸಂಗತಿಗಳನ್ನು ಅವರಾಗಿ ಕೇಳುವವರೆಗೆ ಹೇಳಬಾರದು. ಬದುಕಿರುವವರ ಹೆಸರು, ಜನ್ಮದಿನಾಂಕಗಳನ್ನು ಅವರ ಒಪ್ಪಿಗೆಯಿಲ್ಲದೆ ಅಂತರಜಾಲದ ವಂಶವೃಕ್ಷಗಳಲ್ಲಿ ಹಾಕುವುದೂ ಸಲ್ಲದು. ಅಲ್ಲಿ ತೀರಿಕೊಂಡವರ ಸಾಲುಗಳನ್ನಷ್ಟೇ ತೆರೆದಿಟ್ಟು, ಉಳಿದದ್ದನ್ನು ಎರಡೂ ಮನೆಗಳಲ್ಲಿ ಒಂದೊಂದು ಪ್ರತಿಯಾಗಿ ಇಟ್ಟುಕೊಂಡರೆ ಮುಂದೆ ಹುಡುಕುವವರಿಗೆ ಸಾಕಾಗುತ್ತದೆ.